ಒಂದಂಕಣದ ಮನೆ

ಗಾದಿಲಿಂಗಪ್ಪ ನಾಲ್ಕನೆಯ ಗೋಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ. ಉಗಾದಿ ಕಳೆದು ಬಹಳ ದಿನವಾಗಿರಲಿಲ್ಲ. ಆದರೂ ತಾವರಗೇರಾದ ಆಚೆಯ ಆ ಕೆಂಪು ಮಸಾರಿ ಹೊಲದಲ್ಲಿ ಬಿಸಿಲು ಮೇಲಿನಿಂದ ಬೀಳುತ್ತಿದೆಯೋ ನೆಲದಿಂದ ಏಳುತ್ತಿದೆಯೋ ತಿಳಿಯುವಂತಿರಲಿಲ್ಲ. ಬೇವಿನ ನೆರಳಿನಲ್ಲಿ ಕುಳಿತಿದ್ದ, ಅದನ್ನು ಕಟ್ಟಿದ ಗೌಂಡಿ ಯಮನೂರಪ್ಪ ಎಲೆಗೆ ಸುಣ್ಣ ಸವರುತ್ತ, ಗೋಡೆಯನ್ನು ಮುದ್ದು ಮಾಡುತ್ತಿರುವ ಈ ಮನುಷ್ಯನನ್ನು ನೋಡುತ್ತಿದ್ದ.

"ಏನಂತೈತ್ರಿ ಅಣ್ಣಾರ ಗ್ವಾಡಿ?"

"ಸುಮ್ನಿರು. ಕೇಳಾಕ ಬಿಡು."

ಗೋಡೆ ಏನಾದರೂ ಹೇಳುವ ಮೊದಲೇ ಅಂಗಿಯ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಗಂಗಾವತಿಯ ಕಾಸೀಮಬೀ. ಅವಳದು ಅಲ್ಲಿ ಅವನ ಮನೆಯಿರುವ ಓಣಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿ.

"ಭಾಯ್‌ಸಾಬ್, ಲೈಟ್ ಹೋಗೈತ್ರಿ. ಜ್ವಾಳ ಅರ್ಧಾ ಬೀಸೇತಿ, ಅರ್ಧಾ ಹಂಗ ಕುಂತೈತಿ. ಜನಾನೂ ಕುಂತಾರ."

"ನಾ ರಿಟೈರ್ ಆಗೀನವಾ. ಆಫೀಸಿಗೆ ಫೋನ್ ಹಚ್ಚು."

"ಅವ್ರು ಎತ್ತೂದಿಲ್ರಿ. ನೀವು ಎತ್ತತೀರಿ."

ಗಾದಿಲಿಂಗಪ್ಪ ಗೋಡೆ ಬಿಟ್ಟು ಬಂದ. ಹೊಲದ ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತ, ಸಿಗ್ನಲ್ ಸಿಕ್ಕಲ್ಲಿ ನಿಲ್ಲುತ್ತ, ಮತ್ತೆ ನಡೆಯುತ್ತ, ಆಫೀಸಿನಲ್ಲಿ ಇನ್ನೂ ನೌಕರಿಯಲ್ಲಿದ್ದ ಹುಡುಗರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಗಿರಣಿಯ ಹಿಂದಿನ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಹೋಗಿರಬೇಕು ನೋಡಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಸೂರ್ಯ ಬೇವಿನ ಮರ ದಾಟಿದ್ದ. ಗೋಡೆ ಎಷ್ಟು ತಂಪೆಂದು ನೋಡುವ ನಡುಮಧ್ಯಾಹ್ನದ ಪರೀಕ್ಷೆ ಅವತ್ತಿಗೂ ಕೆಟ್ಟಿತು.

ಇದಕ್ಕಾಗಿಯೇ ಅವನಿಗೆ ಈ ಹೊಲದಲ್ಲೊಂದು ಮನೆ ಬೇಕಾಗಿತ್ತು. ವಯಸ್ಸಿನ ಬಹುಪಾಲನ್ನು ಕಂಬದ ಮೇಲೆ ಕಳೆದ ಲೈನ್‌ಮನ್ ಅವನು. ಮದುವೆಯಲ್ಲಿ ಊಟಕ್ಕೆ ಕುಳಿತಾಗ ದೀಪ ಹೋದರೆ ಎಲ್ಲರೂ ಅವನ ಮುಖ ನೋಡುತ್ತಿದ್ದರು. ಸತ್ತವರ ಮಣ್ಣಿಗೆ ಹೋದಾಗ ಕೂಡ, ಗುಂಡಿಯ ಪಕ್ಕ ನಿಂತು ಒಬ್ಬರು, ನಮ್ಮ ಪಂಪ್‌ಸೆಟ್ಟಿನ ಲೈನು ಯಾವಾಗ ಕೊಡ್ತೀರಿ ಎಂದು ಕಿವಿಯಲ್ಲಿ ಕೇಳಿದ್ದುಂಟು. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಎದೆಯೊಳಗಿನ ಡ್ಯೂಟಿಯನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ಫ್ಯಾನು ನಿಂತರೆ ಸಾಕು, ನಿದ್ದೆಗಣ್ಣಿನಲ್ಲೇ ಎದ್ದು ಚಪ್ಪಲಿ ಹುಡುಕುತ್ತಿದ್ದ. ಎಲ್ಲಿಗೆ ಹೊರಟೆ ಎಂದು ತನಗೇ ತಿಳಿಯದೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಕಂಬವೂ ತಂತಿಯೂ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಮನೆ ಇರಬೇಕು, ಎರಡು ದೀಪಕ್ಕೆ ಮತ್ತು ಒಂದು ಮೊಬೈಲಿಗೆ ಮೇಲೊಂದು ಸೋಲಾರ್ ಹಲಗೆ ಸಾಕು, ಉಳಿದದ್ದನ್ನು ಸೂರ್ಯನೂ ಗಾಳಿಯೂ ನೋಡಿಕೊಳ್ಳಲಿ ಎಂಬ ಆಸೆ ಹೀಗೆ ಹುಟ್ಟಿತ್ತು. "ಬರಲಾರದ ಕರೆಂಟು ಹೋಗೂದಿಲ್ಲ" ಎಂದು ಅವನು ಕಂಡವರಿಗೆಲ್ಲ ಹೇಳುತ್ತಿದ್ದ. ಕಂಡವರು ನಗುತ್ತಿದ್ದರು. ಲೈನ್‌ಮನ್ನನ ಮನೆಗೇ ಲೈನಿಲ್ಲ ಎನ್ನುವುದು ತಾವರಗೇರಾದ ಚಹಾದ ಅಂಗಡಿಯಲ್ಲಿ ಕೆಲವು ದಿನ ಓಡಿದ ಮಾತು.

ನಗುವವರು ನಗಲಿ. ಅವನ ತಲೆಬೇನೆ ಬೇರೆ ಇತ್ತು. ಆ ಮನೆಯನ್ನು ಯಾವುದರಿಂದ ಕಟ್ಟಬೇಕು? ಸಿಮೆಂಟಿನ ಸ್ಲ್ಯಾಬಿನ ಕೆಳಗೆ ಫ್ಯಾನಿಲ್ಲದೆ ಬದುಕುವುದೆಂದರೆ ರೊಟ್ಟಿಯ ಹಂಚಿನ ಕೆಳಗೆ ಬದುಕಿದಂತೆ. ಹಾಗಾಗಿ ಸಿಮೆಂಟು ಬೇಡ ಎನ್ನುವುದೊಂದು ಗಟ್ಟಿಯಾಗಿತ್ತು. ಉಳಿದದ್ದನ್ನು ಗಟ್ಟಿ ಮಾಡಿಕೊಳ್ಳಲು ಅವನು ಹೊಲದಲ್ಲಿ ಎದೆಮಟ್ಟದ ನಾಲ್ಕು ಗೋಡೆಗಳನ್ನು ಬೇರೆ ಬೇರೆಯಾಗಿ, ಒಂದೇ ಸಾಲಿನಲ್ಲಿ ಕಟ್ಟಿಸಿದ್ದ. ಮೊದಲನೆಯದು ಹೊಲದಲ್ಲೇ ಸಿಕ್ಕ ಕಲ್ಲು ಮತ್ತು ಮಣ್ಣಿನದು. ಅದು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯ ಊಟದ ಹೊತ್ತಿಗೆ ಬಡ್ಡಿಸಮೇತ ಹಿಂದಿರುಗಿಸುತ್ತಿತ್ತು. ಎರಡನೆಯದು ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಂಗಿ, ಕೊಪ್ಪಳದ ಒಬ್ಬ ಎಂಜಿನಿಯರ್ ಹೇಳಿಕೊಟ್ಟದ್ದು. ಅದರಲ್ಲಿ ದೋಷವೇ ಸಿಗಲಿಲ್ಲ. ಅದಕ್ಕೇ ಅವನಿಗೆ ಅದರ ಮೇಲೆ ಅನುಮಾನ. ಮೂರನೆಯದು ಭತ್ತದ ಹುಲ್ಲಿನದು. ಮೊಬೈಲಿನಲ್ಲಿ ಯಾರೋ ಪರದೇಶದವರು ಹುಲ್ಲಿನ ಪೆಂಡಿಗಳನ್ನು ಇಟ್ಟಂಗಿಯಂತೆ ಜೋಡಿಸಿ, ಮೇಲೆ ಮಣ್ಣು ಮೆತ್ತಿ ಮನೆ ಕಟ್ಟುವುದನ್ನು ನೋಡಿ, ಶ್ರೀರಾಮನಗರದ ಗದ್ದೆಗಳಿಂದ ಟ್ರ್ಯಾಕ್ಟರಿನಲ್ಲಿ ಹುಲ್ಲು ತರಿಸಿದ್ದ. ನಾಲ್ಕನೆಯದು ಬರೀ ಮಣ್ಣು. ಮಸಾರಿ ಮಣ್ಣಿಗೆ ಹುಲ್ಲು ಕತ್ತರಿಸಿ ಹಾಕಿ, ನೀರು ಬಿಟ್ಟು ತುಳಿದು, ಕೊಳೆಯಿಸಿ, ಮುದ್ದೆ ಮಾಡಿ, ಒಂದರ ಮೇಲೊಂದು ಬಡಿದು ಏರಿಸಿದ ದಪ್ಪ ಗೋಡೆ. ಅವನ ಅಜ್ಜ ಕಟ್ಟುತ್ತಿದ್ದದ್ದು ಅದನ್ನೇ.

ದಿನಕ್ಕೊಂದು ಗೋಡೆ ಅವನ ಮನಸ್ಸಿಗೆ ಬರುತ್ತಿತ್ತು. ಸೋಮವಾರ ಕಲ್ಲೆಂದರೆ ಗುರುವಾರ ಇಟ್ಟಂಗಿ. ಕೊನೆಗೆ ಹುಲ್ಲೇ ತಂಪು, ಹುಲ್ಲಿನದೇ ಕಟ್ಟುವುದು ಎಂದು ಪಾಯ ಅಗೆಯಲು ಹೇಳಿದ ಮರುದಿನ ಬಂದು ನೋಡಿದರೆ ಮೂರನೆಯ ಗೋಡೆ ಅರ್ಧ ಇರಲಿಲ್ಲ. ಹಿಂದಿನ ಸಂಜೆ ಆ ದಾರಿಯಲ್ಲಿ ಹಾದುಹೋದ ಆಡುಗಳು ಮೆತ್ತಿದ ಮಣ್ಣನ್ನು ಕೊಂಬಿನಿಂದ ತಿಕ್ಕಿ ಉದುರಿಸಿ, ಒಳಗಿನದನ್ನು ಎಳೆದೆಳೆದು ತಿಂದಿದ್ದವು. ನಾಲೆಯ ನೀರಿರುವ ಗಂಗಾವತಿಯ ಕಡೆ ಗದ್ದೆಯಲ್ಲೇ ಬೆಂಕಿ ಹಚ್ಚುವ ಹುಲ್ಲು, ನೀರಿಲ್ಲದ ಈ ಕಡೆ ಬೇಸಿಗೆಯಲ್ಲಿ ಆಡುಗಳಿಗೆ ಹಬ್ಬದೂಟ. ಇಲ್ಲೇ ಹುಟ್ಟಿದವನಿಗೆ ಅದು ನೆನಪಾಗಬೇಕಿತ್ತು. ಗಂಗಾವತಿಯ ನೀರು ಕುಡಿದು ಮರೆತಿದ್ದ.

"ಅಣ್ಣಾರ, ನಿಮ್ಮ ಮನಿ ಭಾಳ ರುಚಿ ಐತಂತ" ಎಂದ ಯಮನೂರಪ್ಪ. "ಮತ್ತ ಯಾವಾಗ ಕಟ್ತೀರಂತ ಆಡು ಕಾಯೋನು ಕೇಳಾಕತ್ಯಾನ."

"ನಗಬ್ಯಾಡೋ."

"ನಗೂದಿಲ್ರಿ. ನಾಲ್ಕು ಗ್ವಾಡಿ ಕಟ್ಟೀರಿ. ಮೂಲಿಗೆ ಮೂಲಿ ಕೂಡಿಸಿ ಕಟ್ಟಿದ್ರ ಇಷ್ಟೊತ್ತಿಗೆ ಮನೀನ ಆಗ್ತಿತ್ತು."

ಅವತ್ತು ಗಾದಿಲಿಂಗಪ್ಪ ಸಂಜೆಯ ತನಕ ನಾಲ್ಕನೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಮೊಬೈಲನ್ನು ಬೇಕೆಂದೇ ಬೇವಿನ ಟೊಂಗೆಗೆ ನೇತುಹಾಕಿದ್ದ. ಬಿಸಿಲು ಆ ಬದಿ ಬಡಿಯುತ್ತಿದ್ದರೂ ಈ ಬದಿ ಬೆನ್ನಿಗೆ ಬಾವಿಯ ಕಟ್ಟೆಯ ತಂಪು ತಾಕುತ್ತಿತ್ತು. ಆಯಿತು, ಇದೇ, ಎಂದುಕೊಂಡ. ಬಹಳ ದಿನಗಳ ನಂತರ ಸಂತೋಷವಾಯಿತು. ಕೊನೆಯ ಬಸ್ಸು ಹಿಡಿದು ಗಂಗಾವತಿಗೆ ಹೋದ.

ಕಳಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಕೆನ್ನೆಗೆ ಹತ್ತಿದ ಕೆಂಪು ಮಣ್ಣನ್ನು ನೋಡಿ, ಎಂದಿನಂತೆ ಕೇಳಿದಳು: "ಏನಂತಾವ ನಿಮ್ಮ ಗ್ವಾಡಿ?"

ಹೊಲಕ್ಕೆ ಅವಳು ಒಮ್ಮೆಯೂ ಬಂದಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ. ಅವಳ ಈ ಮೌನವನ್ನು ಅವನು ಒಪ್ಪಿಗೆಯೆಂದು ಲೆಕ್ಕ ಹಾಕಿಕೊಂಡಿದ್ದ. ಗಂಡಸರು ಸಾಮಾನ್ಯವಾಗಿ ಹಾಗೆಯೇ ಲೆಕ್ಕ ಹಾಕುತ್ತಾರೆ.

"ಮಣ್ಣಿಂದ ಅಂತ ಗಟ್ಟಿ ಮಾಡೀನಿ. ಗ್ವಾಡೀನೂ ಮಣ್ಣು, ನೆಲಾನೂ ಮಣ್ಣು, ಮ್ಯಾಲ ಕಟ್ಟಿಗಿ ಜಂತಿ ಹಾಕಿ ಮಣ್ಣಿನ ಮ್ಯಾಳಗಿ. ನಿಮ್ಮ ತವರುಮನಿ ಇತ್ತಲ್ಲ, ಥೇಟ್ ಹಂಗ. ಫ್ಯಾನು ಬ್ಯಾಡ, ಏನೂ ಬ್ಯಾಡ. ನಿನಗ ಭಾಳ ಛಲೋ ಆಗ್ತೈತಿ ನೋಡು."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಮ್ಮವ್ವ ನನ್ನ ನಿಮಗ್ಯಾಕ ಕೊಟ್ಟಳು ಗೊತ್ತೈತೇನ್ರಿ?"

"ಯಾಕ?"

"ನಿಮ್ಮ ಮಾರಿ ನೋಡಿ ಅಲ್ಲ. ಲೈನ್‌ಮನ್ ಅದಾನ, ಸಿಮೆಂಟಿನ ಕ್ವಾಟ್ರಸ್ ಕೊಡ್ತಾರ, ನನ್ನ ಮಗಳು ಶೆಗಣಿ ಕಲಸೂದು ತಪ್ಪತೈತಿ ಅಂತ ಕೊಟ್ಟಳು." ಅವಳು ಹಿಟ್ಟಿನ ಕೈಯನ್ನು ಅವನ ಮುಂದೆ ಹಿಡಿದಳು. "ನಾ ಗಿಡ್ಡ ಲಂಗ ಉಡೂವಾಗಿಂದ ಸಾರಿಸೀನಿ. ವಾರಕ್ಕೊಮ್ಮೆ ನೆಲ. ದಸರಕ್ಕ ಗ್ವಾಡಿ. ಮಿರಗದ ಮಳಿ ಬರೂಕಿಂತ ಮೊದ್ಲ ಮ್ಯಾಳಗಿಗೆ ಸೋರಬಾರದಂತ ಕರಲ ಮಣ್ಣು, ಅದೂ ಬುಟ್ಟ್ಯಾಗ ನಾವ ಹೊತ್ತು. ನಮ್ಮವ್ವನ ರಟ್ಟಿ ಕಡೀಗೆ ಮ್ಯಾಲ ಏಳ್ತಿದ್ದಿಲ್ಲ. ನಮ್ಮಪ್ಪ ಕಟ್ಟಿ ಮ್ಯಾಲ ಕುಂತು ಬಂದವರಿಗೆ ಹೇಳಾವ: ಮಣ್ಣಿನ ಮನಿ ಭಾಳ ತಂಪು ನೋಡ್ರಿ, ಅಂತ. ತಂಪು ಮಣ್ಣಿಂದಲ್ರಿ ಅದು. ಹೆಂಗಸರ ಕೈಯಿಂದು."

ಎರಡು ತಿಂಗಳಿಂದ ಗಾದಿಲಿಂಗಪ್ಪ ಗೋಡೆಗಳನ್ನು ಬಿಸಿಲಿಗೆ ಒಡ್ಡಿ ನೋಡಿದ್ದ, ನೀರು ಎರಚಿ ನೋಡಿದ್ದ, ಮೊಳೆ ಹೊಡೆದು ನೋಡಿದ್ದ. ಈ ಪರೀಕ್ಷೆ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

"ನಾ ಬರೂದಿಲ್ಲ" ಎಂದಳು ಕಳಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಕಟ್ಕೋರಿ, ಇರ್ರಿ. ನಿಮಗ ಇಲ್ಲಿ ನಿದ್ದಿಲ್ಲ ಅನ್ನೂದು ನನಗ ಗೊತ್ತೈತಿ. ನಾ ಇಲ್ಲೇ ಇರ್ತೀನಿ."

ಅವಳನ್ನು ಬಿಟ್ಟು ಅಲ್ಲಿ ಒಬ್ಬನೇ ಇರುವುದನ್ನು ಅವನು ಕಲ್ಪಿಸಿಕೊಂಡಿರಲೇ ಇಲ್ಲ. ಈಗ ಕಲ್ಪಿಸಿಕೊಂಡಾಗ ಆ ಮನೆ ಮನೆಯಂತೆ ಕಾಣದೆ ಹೊಲ ಕಾಯುವ ಗುಡಿಸಲಿನಂತೆ ಕಂಡಿತು. ಹೆದರಿಕೆಯಾಯಿತು.

"ನಾ ಸಾರಸ್ತೀನಿ" ಎಂದ.

ಕಳಕಮ್ಮ ಮೊದಲು ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನಕ್ಕಳು. ಹಂಚಿನ ಮೇಲಿನ ರೊಟ್ಟಿ ಕಪ್ಪಗಾಗುವ ತನಕ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆತು. ಒಂದಂಕಣ ಕಟ್ರಿ ಮೊದ್ಲ. ಅದನ್ನ ನೀವ ಸಾರಸ್ರಿ. ಬ್ಯಾರೇ ಹೆಂಗಸಿನ ಕೈ ಹತ್ತಬಾರದು. ಸಂಕ್ರಮಣಕ್ಕ ಬಂದು ನೋಡ್ತೀನಿ. ಆಮ್ಯಾಲ ಹೇಳ್ತೀನಿ."

ಒಂದಂಕಣವೆಂದರೆ ನಾಲ್ಕು ಕಂಬದ ನಡುವೆ ಹಿಡಿಯುವಷ್ಟು ಜಾಗ, ಒಂದೇ ಕೋಣೆ. ಮಳೆಗಾಲ ಮುಗಿದ ಮೇಲೆ ಯಮನೂರಪ್ಪ ಗೋಡೆ ಏರಿಸಿದ. ಮೊಳ ಏರಿಸುವುದು, ಒಣಗಲು ಬಿಡುವುದು, ಮತ್ತೆ ಮೊಳ ಏರಿಸುವುದು. ಮಣ್ಣಿನ ಗೋಡೆಗೆ ಅವಸರ ಆಗುವುದಿಲ್ಲ. ಗಾದಿಲಿಂಗಪ್ಪನಿಗೆ ಅವಸರ ಬಿಟ್ಟು ಬೇರೇನೂ ಗೊತ್ತಿಲ್ಲ. ಒಣಗಿತೇ ಎಂದು ಗಳಿಗೆಗೊಮ್ಮೆ ಬೆರಳು ಚುಚ್ಚಿ ನೋಡಿ ಗೋಡೆಯ ತುಂಬ ತೂತು ಮಾಡಿದ. ಬಾಗಿಲು ಪೂರ್ವಕ್ಕೆ, ದೊಡ್ಡ ಕಿಟಕಿ ದಕ್ಷಿಣಕ್ಕೆ, ಅದರ ಮೇಲೆ ಮೊಳದುದ್ದದ ಚಾಚು. ಬೇಸಿಗೆಯ ಸೂರ್ಯ ನೆತ್ತಿಯ ಮೇಲೆ ಹೋಗುತ್ತಾನೆ, ಚಾಚು ಅವನನ್ನು ಒಳಗೆ ಬಿಡುವುದಿಲ್ಲ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ಬಾಗಿ ನಡೆಯುತ್ತಾನೆ, ತಾನಾಗಿ ಒಳಗೆ ಬರುತ್ತಾನೆ. ಕಿಟಕಿಗೆ ಕಬ್ಬಿಣದ ಸರಳುಗಳನ್ನು ಅವನೇ ಕೂರಿಸಿದ. ಒಂದು ಬೆಕ್ಕೂ ನುಸುಳದಷ್ಟು ಒತ್ತಾಗಿ ಕೂರಿಸಿದ.

ಜಂತಿ ಬಿತ್ತು, ಮಾಳಿಗೆಯ ಮಣ್ಣು ಬಿತ್ತು. ಉಳಿದದ್ದು ನೆಲ.

"ನೆಲಕ್ಕ ಫರಸಿ ಕಲ್ಲು ಹಾಕೂಣ್ರಿ" ಎಂದ ಯಮನೂರಪ್ಪ. "ಸಾರಸೂ ತ್ರಾಸ ಇರೂದಿಲ್ಲ. ವೈನಿಯವರಿಗೂ ಆರಾಮ."

"ಫರಸಿ ಹಾಕಿದ್ರ ಆಕಿ ಕೇಳಿದ್ದಕ್ಕ ಜವಾಬು ಕೊಟ್ಟಂಗ ಆಗೂದಿಲ್ಲೋ."

"ಹಂಗಾರ ನನ್ನ ಹೆಂಡ್ತಿ ಬಂದು ಸಾರಸ್ತಾಳ. ಯಾರಿಗೆ ಗೊತ್ತಾಗ್ತೈತಿ?"

"ನನಗ ಗೊತ್ತಾಗ್ತೈತಿ."

ಯಮನೂರಪ್ಪ ತನ್ನ ಕರಣಿ ತೊಳೆದುಕೊಂಡು ಊರಿಗೆ ಹೋದ. ಗಾದಿಲಿಂಗಪ್ಪ ಪಕ್ಕದ ಹೊಲದ ದನಗಳ ಹಿಂದೆ ಬುಟ್ಟಿ ಹಿಡಿದು ಓಡಾಡಿದ. ಮೊದಲ ಸಲ ಸಗಣಿ ನೀರಾಗಿ, ಒಣಗಿದ ಮೇಲೆ ನೆಲವೆಲ್ಲ ಬೂದಿ ಚೆಲ್ಲಿದಂತೆ ಕಂಡಿತು. ಎರಡನೆಯ ಸಲ ದಪ್ಪವಾಗಿ, ಮೂರೇ ದಿನಕ್ಕೆ ಹಪ್ಪಳದಂತೆ ಎದ್ದು ಬಂತು. ಕೆದರಿ ತೆಗೆದ. ತೊಗರಿ ಹೊಲಕ್ಕೆ ಹೋಗುವ ಹೆಂಗಸರು ದಾರಿ ಬಿಟ್ಟು ಬಂದು, ಬಾಗಿಲಲ್ಲಿ ಇಣುಕಿ, ಬಾಯಿಗೆ ಸೆರಗು ಒತ್ತಿಕೊಂಡು ಹೋಗುತ್ತಿದ್ದರು. ಗಂಡಸು ಮಂಡಿಯೂರಿ ನೆಲ ಸಾರಿಸುವುದನ್ನು ಆ ಸೀಮೆಯಲ್ಲಿ ಕಂಡವರಿರಲಿಲ್ಲ. ಹೇಗೆ ಮಾಡಬೇಕೆಂದು ಅವರನ್ನು ಕೇಳಬಹುದಿತ್ತು. ಕೇಳಲು ಅವನಿಗೆ ಬಾಯಿ ಬರಲಿಲ್ಲ. ಸೊಂಟ ಹಿಡಿದು, ಬಲಗೈಯ ರಟ್ಟೆ ರಾತ್ರಿಯೆಲ್ಲ ಸೆಳೆಯುತ್ತಿತ್ತು. ಅತ್ತೆಯ ಮೇಲೇಳದ ರಟ್ಟೆ ಆಗ ನೆನಪಾಯಿತು. ಆ ಮುದುಕಿಯನ್ನು ಅವನು ಎಷ್ಟೋ ಸಲ ನೋಡಿದ್ದ. ಅವಳ ರಟ್ಟೆಯನ್ನು ನೋಡಿರಲಿಲ್ಲ.

ಸಂಕ್ರಮಣದ ಮುಂಜಾನೆ, ರಾತ್ರಿ ಹೊಲದಲ್ಲೇ ಮಲಗಿದ್ದ ಅವನು ಚಳಿಯಲ್ಲೇ ಎದ್ದ. ಕಳಕಮ್ಮ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದಿದ್ದಳು. ಅಷ್ಟರಲ್ಲಿ ಸಾರಿಸಿ ಒಣಗಿಸಿ, ಏನೂ ಆಗಿಲ್ಲವೆಂಬಂತೆ ಬಾಗಿಲಲ್ಲಿ ಕುಳಿತಿರಬೇಕೆಂದು ಅವನ ಯೋಜನೆ. ಮೊಬೈಲನ್ನು ಹೊಸ್ತಿಲ ಮೇಲಿಟ್ಟು, ಕೆಮ್ಮಣ್ಣು ಸಗಣಿ ಹದವಾಗಿ ಕಲಸಿ, ಬಾಗಿಲ ಹತ್ತಿರ ಮಂಡಿಯೂರಿ ಕೈ ಆಡಿಸತೊಡಗಿದ. ಈ ಸಲ ಹದ ಸರಿಯಾಗಿತ್ತು. ಅಂಗೈಯ ಕೆಳಗೆ ನೆಲ ನುಣ್ಣಗೆ ಜಾರುತ್ತಿತ್ತು. ಅವನು ಹುರುಪಿನಿಂದ ಒಳಗೊಳಗೆ ಸರಿಯುತ್ತ, ಅರ್ಧಚಂದ್ರದ ಮೇಲೆ ಅರ್ಧಚಂದ್ರ ಎಳೆಯುತ್ತ, ಒಂದೇ ಉಸಿರಿಗೆಂಬಂತೆ ಮುಗಿಸಿ, ಕೊನೆಯ ಗೇಣಿಗೆ ಕೈ ಎಳೆದು ಎದ್ದುನಿಂತ.

ಆಗ ಅವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯಿತು. ಬೆನ್ನಿಗೆ ಹಿಂದಿನ ಗೋಡೆಯ ಮೂಲೆ. ಕಾಲ ಕೆಳಗೆ ಎರಡು ಪಾದ ಹಿಡಿಯುವಷ್ಟು ಒಣನೆಲ. ಎದುರಿಗೆ ಅಂಕಣದ ತುಂಬ ಹಸಿ ಹಸಿ ಮಿನುಗುವ ಸಾರಣೆ, ಅದರಾಚೆ ಬಾಗಿಲು. ಆ ಕಡೆಯ ಪುಟ್ಟ ಹುಡುಗಿಯರಿಗೂ ಗೊತ್ತಿರುವ ಮಾತಿದು, ಒಳಗಿನಿಂದ ಶುರುಮಾಡಿ ಬಾಗಿಲಿಗೆ ಮುಗಿಸಬೇಕು. ಎಷ್ಟೋ ಸಾವಿರ ಕಂಬ ಏರಿ ಇಳಿದವನಿಗೆ ಒಂದು ನೆಲದಿಂದ ಇಳಿಯುವ ದಾರಿ ಕಾಣಲಿಲ್ಲ. ಕಿಟಕಿ ನೋಡಿದ. ಸರಳುಗಳನ್ನು ಕೂರಿಸಿದವನನ್ನು ಮನಸ್ಸಿನಲ್ಲೇ ಬೈದ.

ಕಾಲಿಡುವುದೇ ಸರಿ, ಹೆಜ್ಜೆಯ ಗುರುತನ್ನು ಆಮೇಲೆ ಮೆತ್ತಿದರಾಯಿತು ಎಂದು ಬಲಗಾಲು ಎತ್ತಿದ್ದ.

"ಇಡಬ್ಯಾಡ್ರಿ ಕಾಲು."

ಬಾಗಿಲಲ್ಲಿ ಕಳಕಮ್ಮ. ಕಂಕುಳಲ್ಲಿ ಬುತ್ತಿಯ ಗಂಟು, ಕಾಲಿಗೆ ಹೊಲದ ಧೂಳು. ಮೊದಲ ಬಸ್ಸಿಗೇ ಬಂದಿದ್ದಳು. ಅವನು ಎತ್ತಿದ ಕಾಲನ್ನು ಮೆಲ್ಲಗೆ ಇದ್ದಲ್ಲೇ ಇಳಿಸಿದ.

"ಬಾಗಲದಿಂದ ಹಿಡಿದ್ರೇನು?"

"ಹೂಂ."

ಅವಳು ನಗುತ್ತಾಳೆಂದು ಅವನು ಕಾದ. ಅವಳು ನಗಲಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲ ಮೇಲೆ ಕುಳಿತು, ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲವನ್ನು ನೋಡಿದಳು. ಬಾಗಿಲ ಹತ್ತಿರದ ಗೆರೆಗಳು ಒರಟಾಗಿದ್ದವು, ಒಳಗೆ ಹೋದಂತೆ ನಯವಾಗುತ್ತ ಹೋಗಿದ್ದವು. ಗೋಡೆಯ ಬುಡ ನೋಡಿದಳು. ಬೆರಳು ಚುಚ್ಚಿದ ತೂತುಗಳನ್ನು ನೋಡಿದಳು. ಆಮೇಲೆ ಗಂಡನ ಬಲಗೈಯನ್ನು ನೋಡಿದಳು. ಅದನ್ನು ಅವನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ.

"ರಟ್ಟಿ ನೂಸಾಕತ್ತೈತೇನು?"

"ಭಾಳ."

ಹೊಸ್ತಿಲ ಪಕ್ಕದಲ್ಲೇ ಅವನ ಕೈ ಹತ್ತದ ಒಂದು ಗೇಣು ಜಾಗ ಬೋಳಾಗಿ ಉಳಿದಿತ್ತು. ಬುಟ್ಟಿಯ ಅಂಚಿನಲ್ಲಿ ಇನ್ನೂ ಒಂದು ಹಿಡಿ ಕಲಸಿದ ಸಗಣಿ ಇತ್ತು. ಕಳಕಮ್ಮನ ಕೈ ತಾನಾಗಿ ಅತ್ತ ಹೋಯಿತು. ಅರ್ಧದಲ್ಲಿ ನಿಂತಿತು. ಅವಳು ಅದನ್ನು ಹಿಂದಕ್ಕೆ ತಂದು ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲೊಂದೀಟು ಬಿಟ್ಟೀರಿ" ಎಂದಳು. "ನಾಳೆ ಮಾಡ್ರಿ."

ಅಷ್ಟರಲ್ಲಿ ಹೊಸ್ತಿಲ ಮೇಲೆ ಮೊಬೈಲು ಬಡಿದುಕೊಂಡಿತು. ಮೂಲೆಯಲ್ಲಿ ಗಾದಿಲಿಂಗಪ್ಪನ ಇಡೀ ಮೈ ಒಮ್ಮೆ ಮುಂದಕ್ಕೆ ವಾಲಿತು. ಪಾದಗಳು ಮಾತ್ರ ಕದಲಲಿಲ್ಲ. ಕಳಕಮ್ಮ ಎತ್ತಿ ಕಿವಿಗೆ ಹಿಡಿದಳು. ಕಾಸೀಮಬೀಯ ದನಿ ಮೂಲೆಯ ತನಕ ಕೇಳುತ್ತಿತ್ತು: ಹಬ್ಬದ ದಿನ, ಸಜ್ಜಿ ಬೀಸಾಕ ಜನಾ ನಿಂತಾರ, ಲೈಟಿಲ್ಲ, ಭಾಯ್‌ಸಾಬ್ ಎಲ್ಲಿ ಅದಾರ?

"ಮನ್ಯಾಗ ಅದಾರವಾ" ಎಂದಳು ಕಳಕಮ್ಮ. "ಈಗ ಎಲ್ಲಿಗೂ ಬರಾಕ ಆಗೂದಿಲ್ಲ."

ಮೊಬೈಲನ್ನು ಬುತ್ತಿಯ ಗಂಟಿನೊಳಗೆ ಸೇರಿಸಿದಳು. ಗಂಟಿನಿಂದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯ ವಾಸನೆ ಬಂತು. ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ಬಿದ್ದಲ್ಲಿ ನೆಲದ ಬಣ್ಣ ತಿಳಿಯಾಗುತ್ತ, ಒದ್ದೆಯ ಅಂಚು ಬಾಗಿಲ ಕಡೆಯಿಂದ ಮೂಲೆಯ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು. ಗಾದಿಲಿಂಗಪ್ಪ ಗೋಡೆಗೆ ಬೆನ್ನು ಕೊಟ್ಟು ಅದನ್ನೇ ನೋಡುತ್ತ ನಿಂತ.